ಬಂದೇ ಇಲ್ಲ ಅಂದ ಡಾಕ್ಟರಬಾಯಿ

ತೋಳಿಗೆ ಹಾಕಿದ ಸೂಜಿ ನರಕ್ಕೆ ತಾಗಿ ರೇಣುಕವ್ವನ ಬಲಗೈ ಮಣಿಕಟ್ಟಿನಿಂದ ಕೆಳಗೆ ಜೋತುಬಿತ್ತು. ಗಜೇಂದ್ರಗಡದಲ್ಲಿ ಪಟ್ಟೇದ ಅಂಚಿನ ಸೀರೆ ನೇಯುವವಳಿಗೆ ಕೈ ಹೋದರೆ ಇನ್ನೇನು ಮಣ್ಣು ಉಳಿಯುತ್ತದೆ? ಹುಬ್ಬಳ್ಳಿಯಲ್ಲಿ ಲಗೂನೆ ಆಪರೇಶನ್ ಮಾಡಿಸಿದರೆ ಕೈ ಎದ್ದೀತು ಅಂದಿದ್ದರು. ಅದಕ್ಕೆ ದುಡ್ಡು ಮಗ್ಗದ ಮನೆಯಲ್ಲಿ ಎಲ್ಲಿಂದ ಬರಬೇಕು?

ಸೂಜಿ ಹಾಕಿದ ಇಷ್ರತ ಡಾಕ್ಟರಬಾಯಿ ಮರುದಿನ ಮನೆಗೇ ಬಂದಳು. ಕುರ್ಚಿ ಕೊಟ್ಟರೆ ಒಲ್ಲೆನೆಂದು ಮಗ್ಗದ ಪಕ್ಕ ನೆಲಕ್ಕೇ ಕೂತು, ಆ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಅತ್ತಳು.

“ನಂದ ತಪ್ಪಾತವ್ವಾ. ನೀವು ಕೇಸ್ ಹಾಕ್ರಿ. ಇಂಥಾದ್ದಕ್ಕಂತನ ನಾ ವರ್ಷಾ ವಿಮಾ ತುಂಬತೀನಿ, ಕಂಪನಿ ಕೊಡತೈತಿ.”

ಯಾವ ಡಾಕ್ಟರು ಹಾಗೆ ಬಂದು ಕೂತಾರು, ಹೇಳಿ? ರೇಣುಕವ್ವನ ಸಿಟ್ಟು ಅರ್ಧ ಅಲ್ಲೇ ಇಳಿಯಿತು.

ಕೇಸು ಹಾಕಿದ ಮೇಲೆ ವಿಮಾ ಕಂಪನಿಯ ಮನುಷ್ಯ ಬಂದ. ಭಾರೀ ನಯ. ಚಹಾ ಕುಡಿದು, “ಡಾಕ್ಟರ್ ನಿಮ್ಮನ್ನ ಮಾತಾಡ್ಸಾಕರ ಬಂದಿದ್ರೇನವ್ವಾ?” ಎಂದ. ಡಾಕ್ಟರಬಾಯಿಯನ್ನು ಇವನು ಸೊಕ್ಕಿನವಳು ಅಂದುಕೊಂಡಾನೆಂದು ರೇಣುಕವ್ವನಿಗೆ ಕಳವಳ. ಅತ್ತದ್ದು, ತಪ್ಪಾತು ಅಂದದ್ದು, ಎಲ್ಲವನ್ನೂ ಹೆಮ್ಮೆಯಿಂದ ಹೇಳಿದಳು. “ದೇವರಂಥಾಕಿರಿ ಆಕಿ.” ಅವನು ಬರೆದುಕೊಂಡು ಅವಳ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದ.

ಕಂಪನಿ ಕೈ ತೊಳೆದುಕೊಂಡಿತು. ತನ್ನನ್ನು ಕೇಳದೆ ಡಾಕ್ಟರು ಯಾರ ಮುಂದೂ ತಪ್ಪು ಒಪ್ಪಿಕೊಳ್ಳಬಾರದೆಂದು ವಿಮೆಯ ಕರಾರಂತೆ. ಒಪ್ಪಿಕೊಂಡರೆ ಕಂಪನಿ ಒಂದು ಪೈಸೆಯೂ ಕೊಡುವುದಿಲ್ಲವಂತೆ. ಕಷ್ಟದಲ್ಲಿದ್ದವರನ್ನು ಮಾತಾಡಿಸಿದ್ದೂ ಗುನ್ಹೆ ಆಯಿತು, ಥೂ! ಡಾಕ್ಟರಬಾಯಿ ತನ್ನ ಕೈಯಿಂದ ಕೊಡೋಣವೆಂದರೆ ಬಸ್‌ಸ್ಟ್ಯಾಂಡಿನ ಹತ್ತಿರದ ಬಾಡಿಗೆ ದವಾಖಾನೆ ಬಿಟ್ಟು ಅವಳಿಗೇನಿತ್ತು?

“ದಾರಿ ಒಂದ ಐತಿ,” ಎಂದ ರೇಣುಕವ್ವನ ವಕೀಲ ಗುರುಸಂಗಪ್ಪ. “ಆಕಿ ನಾ ಹೋಗೇ ಇಲ್ಲ ಅಂತಾಳ. ನೀವೂ ಬಂದಿಲ್ಲ ಅನ್ರಿ. ಆಗ ಕಂಪನಿ ಕೊಡಬೇಕಾಗತೈತಿ.”

“ಬಂದಾಕಿನ್ನ ಬಂದಿಲ್ಲ ಅಂತ ಹ್ಯಾಂಗ ಅನ್ಲೆಪ್ಪಾ?”

“ಕೈ ಬೇಕೋ ಬ್ಯಾಡೋ?”

ಗದಗಿನ ಕೋರ್ಟಿನಲ್ಲಿ ಇಷ್ರತ ಗೋಡೆ ನೋಡುತ್ತ ಹೇಳಿದಳು, “ನಾನು ಅವರ ಮನೆಗೆ ಹೋಗೇ ಇಲ್ಲ.” ಹೀಗೇ ಹೇಳುತ್ತಾಳೆಂದು ರೇಣುಕವ್ವನಿಗೆ ಗೊತ್ತಿತ್ತು. ಆದರೂ ಇಷ್ಟು ದಿನದಲ್ಲಿ ಅವಳಿಗೆ ದಕ್ಕಿದ್ದು ‘ನಂದ ತಪ್ಪಾತವ್ವಾ’ ಎಂಬ ಆ ಒಂದು ಮಾತು, ಅದನ್ನೂ ಕೊಟ್ಟವಳೇ ಕಿತ್ತುಕೊಂಡಳು.

ತನ್ನ ಸರದಿ ಬಂದಾಗ ಅವಳೂ “ಬಂದಿಲ್ರಿ” ಎಂದಳು.

ಕಂಪನಿಯ ವಕೀಲ ಹೆಬ್ಬೆಟ್ಟಿನ ಕಾಗದ ಎತ್ತಿ ಹಿಡಿದ. “ಹಂಗಾರ ಇದು?”

“ಸುಳ್ಳ ಹೇಳಿದ್ನಿರಿ.”

“ಕೇಳಿದ್ರಲ್ಲಾ ಸಾಹೇಬ್ರ? ತಾನ ಸುಳ್ಳುಗಾತಿ ಅಂತ ಒಪ್ಪಿಕೊಂಡ್ಳು. ಇನ್ನ ಈಕಿ ಕೈ ಏಳೂದಿಲ್ಲ ಅನ್ನೂದನ್ನ ಹ್ಯಾಂಗ ನಂಬೂದು?”

ರೇಣುಕವ್ವ ತೋಳು ಎತ್ತಿದಳು. ಮಣಿಕಟ್ಟಿನಿಂದ ಕೆಳಗೆ ಕೈ ಜೋತಾಡಿತು. “ನಾಟಕ ಚಲೋ ಮಾಡತಾಳ,” ಎಂದು ವಕೀಲ ನಕ್ಕ.

ಆ ಕೈ ಯಾಕೆ ಹೀಗಾಯಿತೆಂದು ಕಣ್ಣಾರೆ ಕಂಡು ಬಲ್ಲವಳು ಅಲ್ಲಿ ಇನ್ನೊಬ್ಬಳಿದ್ದಳು. ರೇಣುಕವ್ವ ಅವಳ ಕಡೆ ನೋಡಿದಳು. ಇಷ್ರತ ಗೋಡೆ ನೋಡುತ್ತಲೇ ನಿಂತಿದ್ದಳು.