ಗೆರೆ ಇರುವ ಕಡೆ

ಆ ಕಾರ್ಯಾಗಾರದಲ್ಲಿ ಇಪ್ಪತ್ತೆರಡು ವಿದ್ಯಾರ್ಥಿಗಳು ಅವಳನ್ನು ಅಮ್ಮ ಎನ್ನುತ್ತಿದ್ದರು. ಹೆತ್ತ ಮಗಳೊಬ್ಬಳು ಮಾತ್ರ ಮೇಡಂ ಎನ್ನುತ್ತಿದ್ದಳು.

ಇದು ಮನೆಯಲ್ಲೇ ಆಗಿದ್ದ ಒಪ್ಪಂದ. "ನೋಡಮ್ಮಾ, ಅಲ್ಲಿ ನೀನು ನಂಗೆ ಅಮ್ಮ ಅಲ್ಲ. ತಿಂಡಿ ತಿಂದ್ಯಾ, ಕೂದಲು ಕಟ್ಕೋ ಅಂತ ಒಂದೇ ಒಂದು ಮಾತು ಬಂದ್ರೂ ನಾನು ಎದ್ದು ಹೊರಗೆ ನಡೀತೀನಿ" ಎಂದು ಮಗಳು ಷರತ್ತು ಹಾಕಿದ್ದಳು. ಅಮ್ಮ ತಲೆಯಾಡಿಸಿದ್ದಳು. ಇಡೀ ತರಗತಿ ಮೂರೇ ದಿನದಲ್ಲಿ ಅವಳಿಗೆ 'ಬೆಸುಗೆಯಮ್ಮ' ಎಂದು ಹೆಸರಿಟ್ಟು, ನಾಲ್ಕನೆಯ ದಿನ ಬೆಸುಗೆಯನ್ನೂ ಬಿಟ್ಟು ಬರೀ ಅಮ್ಮ ಎನ್ನತೊಡಗುತ್ತದೆಂದು ಇಬ್ಬರೂ ಎಣಿಸಿರಲಿಲ್ಲ.

ರೇಡಿಯೊ ಕಾರ್ಖಾನೆಯ ಉದ್ದ ಬೆಂಚಿನಲ್ಲಿ ಇಪ್ಪತ್ತೊಂದು ವರ್ಷ ಬೆಸುಗೆ ಹಾಕಿ ಪಳಗಿದ ಕೈ ಅವಳದು. ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಮಿಕ್ಸರು, ರಿಮೋಟು ರಿಪೇರಿ ಮಾಡಿಕೊಂಡು ಸಂಸಾರ ತೂಗಿಸುತ್ತಿದ್ದಳು. ವಿಶ್ವವಿದ್ಯಾಲಯದ ಹುಡುಗರು ತಾವೇ ಕೈಯಾರೆ ಒಂದು ಪುಟ್ಟ ಉಪಗ್ರಹ ಕಟ್ಟಬೇಕೆಂದು ಪ್ರೊಫೆಸರರು ಎರಡು ತಿಂಗಳ ಕಾರ್ಯಾಗಾರ ಹೂಡಿದಾಗ ಒಂದು ಸಂಗತಿ ಬಯಲಾಯಿತು. ಸರ್ಕೀಟು ಎಲ್ಲರ ತಲೆಯಲ್ಲಿತ್ತು, ಯಾರ ಕೈಯಲ್ಲೂ ಇರಲಿಲ್ಲ. ಆಗ ಅವಳಿಗೆ ಕರೆ ಬಂತು.

ಮೊದಲ ದಿನ ಅವಳು ಪ್ರತಿಯೊಬ್ಬರಿಂದಲೂ ನಲವತ್ತು ಬೆಸುಗೆ ಹಾಕಿಸಿ, ಭೂತಗನ್ನಡಿ ಹಿಡಿದು ಒಂದೊಂದನ್ನೂ ನೋಡಿದ್ದಳು.

"ಇದೇನಪ್ಪಾ? ಬೆಸುಗೇನೋ, ನೆಗಡಿ ಬಂದ ಮಗುವಿನ ಮೂಗೋ?"

ಎಲ್ಲರಿಗಿಂತ ಒಂದು ಮೊಳ ಎತ್ತರವಿದ್ದುದಕ್ಕೆ ಕಂಬ ಎಂದು ಹೆಸರು ಪಡೆದಿದ್ದ ಹುಡುಗ ತಲೆ ಕೆರೆದುಕೊಂಡ. "ಅಮ್ಮಾ, ದೂರದಿಂದ ನೋಡಿದ್ರೆ ಚೆನ್ನಾಗೇ ಕಾಣುತ್ತೆ."

"ಎಷ್ಟು ದೂರದಿಂದ?"

"ಐನೂರು ಕಿಲೋಮೀಟರ್ ಮೇಲಿಂದ."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಹಾಗೆ ನಕ್ಕು ಎಷ್ಟು ವರ್ಷವಾಗಿತ್ತೋ.

ಅವಳ ಪಾಠದಲ್ಲಿ ಪುಸ್ತಕದ್ದು ಕಡಿಮೆ, ಬೆಂಚಿನದು ಹೆಚ್ಚು. ಮೊದಲು ತಂತಿ ಕಾಯಲಿ, ಆಮೇಲೆ ಬೆಸುಗೆಯ ಸೀಸ ತೋರಿಸು. ಊದಬೇಡ, ತಾನಾಗಿ ಆರಲಿ. ಕೆಪಾಸಿಟರ್ ಎಂಬ ವಿದ್ಯುತ್ತಿನ ಪುಟ್ಟ ತೊಟ್ಟಿಗೆ ಪ್ಲಸ್ ಮೈನಸ್ ಎರಡು ತುದಿ. ಮೈಮೇಲೆ ಗೆರೆ ಇರುವ ಕಡೆ ಮೈನಸ್. ಇದನ್ನು ಅವಳು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದಳು.

ಆರನೆಯ ವಾರಕ್ಕೆ ಅಸಲಿ ಬೋರ್ಡುಗಳ ಕೆಲಸ ಶುರುವಾಯಿತು. ಬಾನಿಗೆ ಹೋಗುವ ಬೋರ್ಡಿನ ಮೇಲೆ ದೂಳಿನ ಕಣವೂ ಕೂರಬಾರದೆಂದು ಗಾಜಿನ ಕೋಣೆಯೊಳಗೆ ಆರು ಜನಕ್ಕೆ ಮಾತ್ರ ಪ್ರವೇಶ. ಬಿಳಿ ಕೋಟು, ಟೋಪಿ, ಮೈಯ ವಿದ್ಯುತ್ತು ಬೋರ್ಡಿಗೆ ತಾಗದಂತೆ ಮಣಿಕಟ್ಟಿಗೆ ಪಟ್ಟಿ. ತಾಯಿ ಮಗಳೆಂಬ ಮಾತು ಬರಬಾರದೆಂದು ಪ್ರೊಫೆಸರರು ಹೆಸರು ಮುಚ್ಚಿ, ಬರೀ ನಂಬರು ಹಚ್ಚಿ ಎಲ್ಲರ ಬೆಸುಗೆ ನೋಡಿದ್ದರು. ಮೊದಲು ಬಂದದ್ದು ಮಗಳ ನಂಬರು. ಬಾಗಿಲ ಮೇಲೆ ವಿದ್ಯಾರ್ಥಿಗಳೇ ಸೇರಿ ಬರೆದ ನಿಯಮವೊಂದಿತ್ತು: ಅಸಲಿ ಬೋರ್ಡು ಕೆಡಿಸಿದವರು ಹೊರಗೆ ಕೂತು ವರದಿ ಬರೆಯತಕ್ಕದ್ದು.

ಮಂಗಳವಾರ ಬೆಳಿಗ್ಗೆ, ಸೂರ್ಯನ ಬೆಳಕಿನಿಂದ ಬರುವ ಕರೆಂಟನ್ನು ಉಪಗ್ರಹಕ್ಕೆಲ್ಲ ಹಂಚುವ ಬೋರ್ಡಿಗೆ ಮೊದಲ ಸಲ ವಿದ್ಯುತ್ ಕೊಟ್ಟರು. ಕಟ್ಟಿದವಳು ಮಗಳು. ಅಮ್ಮ ಗಾಜಿನಾಚೆ ನಿಂತಿದ್ದಳು. ಪಟ್ ಎಂದು ಕಾಳು ಸಿಡಿದಂಥ ಸದ್ದು. ಎಳೆ ಹೊಗೆ. ಅಕ್ಕಿಕಾಳಿನಷ್ಟಿದ್ದ ಹಳದಿ ಕೆಪಾಸಿಟರ್ ಕರಕಲಾಗಿ, ಅಡಿಯ ತಾಮ್ರ ಸುಟ್ಟ ಚರ್ಮದ ಹಾಗೆ ಎದ್ದುಬಂದಿತ್ತು.

ಪ್ರೊಫೆಸರರು ಕೆಲಸದ ಪಟ್ಟಿಯಲ್ಲಿ ಬೆರಳಾಡಿಸಿದರು. "ಹೆಜ್ಜೆ ಮೂವತ್ತೊಂದು. ಉಲ್ಟಾ ಹಾಕಿದ್ದೀಯಲ್ಲಮ್ಮ."

"ಹೌದು ಸರ್. ನಂದೇ ತಪ್ಪು." ಮಗಳು ಟೋಪಿ ತೆಗೆದು, ಮಣಿಕಟ್ಟಿನ ಪಟ್ಟಿ ಬಿಚ್ಚಿ, ಯಾರ ಮುಖವನ್ನೂ ನೋಡದೆ ಹೊರಗೆ ನಡೆದಳು.

ಉಲ್ಟಾ? ಅಮ್ಮನಿಗೆ ಅರ್ಥವಾಗಲಿಲ್ಲ. ಅದನ್ನು ಭೂತಗನ್ನಡಿಯಲ್ಲಿ ನೋಡಿ ಸರಿ ಎಂದವಳು ತಾನೇ. ಗೆರೆ ಮೈನಸ್ ಕಡೆಗೇ ಇತ್ತಲ್ಲ! ಬಿಡಿಭಾಗಗಳ ಡ್ರಾಯರು ಎಳೆದು ಅದೇ ಜಾತಿಯ ಪೊಟ್ಟಣ ತೆಗೆದು, ಬೋರ್ಡಿನ ನಕ್ಷೆ ಹರಡಿ, ಕನ್ನಡಕ ಮೂಗಿಗೇರಿಸಿದಳು. ನಕ್ಷೆಯಲ್ಲಿ ಗೆರೆಯ ಪಕ್ಕದಲ್ಲಿ ಸಣ್ಣದಾಗಿ, ಆದರೆ ಸ್ಪಷ್ಟವಾಗಿ, ಪ್ಲಸ್ ಇತ್ತು. ಕಾರ್ಖಾನೆಯಲ್ಲಿ ಅವಳು ಹಾಕುತ್ತಿದ್ದದ್ದು ಪೀಪಾಯಿಯಂಥವು, ಅವುಗಳಲ್ಲಿ ಗೆರೆ ಎಂದರೆ ಮೈನಸ್. ಈ ಹಳದಿ ಚಿಪ್ಪುಗಳಲ್ಲಿ ಗೆರೆ ಎಂದರೆ ಪ್ಲಸ್. ಯಾವ ಪುಣ್ಯಾತ್ಮ ಹೀಗೆ ತಿರುಗುಮುರುಗು ಮಾಡಿದನೋ!

ಆಗ ಶನಿವಾರ ನೆನಪಾಯಿತು. ಕಂಬ ಬೆರಳು ಸುಟ್ಟುಕೊಂಡು ಕುಣಿಯುತ್ತಿದ್ದ. ಅವನ ಕೈಗೆ ನೀರು ಬಿಡುತ್ತಿದ್ದಾಗ ಮಗಳು ಗಾಜಿನ ಕೋಣೆಯ ಬಾಗಿಲ ಸಂದಿಯಿಂದ ಕೇಳಿದ್ದಳು: "ಮೇಡಂ, ನಕ್ಷೇಲಿ ಗೆರೆ ಹತ್ರ ಪ್ಲಸ್ ಅಂತಿದೆ, ಒಂಚೂರು ನೋಡ್ತೀರಾ?" ತಾನು ತಿರುಗಿಯೂ ನೋಡದೆ ಹೇಳಿದ್ದಳು: "ಗೆರೆ ಅಂದ್ರೆ ಮೈನಸ್. ಬರೆದವನು ತಪ್ಪು ಬರೆದಿರ್ತಾನೆ. ನೀನು ಕಣ್ಮುಚ್ಕೊಂಡು ಹಾಕು."

ಪೊಟ್ಟಣದಿಂದ ಒಂದು ಚಿಪ್ಪನ್ನು ಅಂಗೈಗೆ ಸುರಿದುಕೊಂಡು ಪಡಸಾಲೆಗೆ ಓಡಿದಳು.

ಮಗಳು ಪಡಸಾಲೆಯ ಕೊನೆಯ ಕಿಟಕಿಯ ಬಳಿ ನಿಂತು ಉಗುರು ಕಚ್ಚುತ್ತಿದ್ದಳು.

"ನಾನು ಹೇಳಿದ್ದು ಅಂತ ಯಾಕೆ ಬಾಯಿ ಬಿಡ್ಲಿಲ್ಲ?"

"ಮೆತ್ತಗೆ ಮಾತಾಡಮ್ಮಾ." ಒಪ್ಪಂದ ಮುರಿದದ್ದು ಮಗಳಿಗೇ ತಿಳಿಯಲಿಲ್ಲ. "ಹೇಳಿದ್ರೆ ಏನಾಗ್ತಿತ್ತು? ಹಳೇ ಕಾಲದವರು, ಇವರಿಂದ ಆಗಲ್ಲ ಅಂತ ನಿನ್ನನ್ನ ಮನೆಗೆ ಕಳಿಸ್ತಿದ್ರು. ನಾನು ವರದಿ ಬರೀತೀನಿ ಬಿಡು."

"ಒಂದು ಅರ್ಜಿ ಬರೆಯೋಕೆ ಅಳ್ತೀಯ ನೀನು."

"ಕಲೀತೀನಿ." ಮಗಳು ಕಿಟಕಿಯತ್ತ ಮುಖ ತಿರುಗಿಸಿದಳು. "ಕಾರ್ಖಾನೆ ಮುಚ್ಚಿದ ಮೇಲೆ ನೀನು ಸಂಜೆ ನಗ್ತಾ ಮನೆಗೆ ಬಂದಿದ್ದು ಈ ಆರು ವಾರ ಮಾತ್ರ."

ಮಗಳು ಹೇಳಿದ್ದು ಸುಳ್ಳಲ್ಲ. ಸುಮ್ಮನಿದ್ದುಬಿಟ್ಟರೆ ಇನ್ನೂ ಎರಡು ವಾರ ಈ ನಗು ಉಳಿಯುತ್ತದೆ. ಆದರೆ ಆ ಎರಡು ವಾರವೂ ಗಾಜಿನ ಹೊರಗೆ ಕೂತು ಬರೆಯುವ ಈ ಮುಖ ಕಣ್ಣೆದುರೇ ಇರುತ್ತದೆ.

"ನಾನು ನಗೋದಕ್ಕೆ ನೀನು ಹೊರಗೆ ಕೂರ್ಬೇಕೇನೇ? ಅಂಥ ನಗು ನಂಗೆ ಬೇಡ ಹೋಗು" ಎಂದವಳೇ ಸರಸರನೆ ನಡೆದಳು.

ಎಲ್ಲರೂ ಬೆಂಚುಗಳ ಸುತ್ತ ಸಪ್ಪಗೆ ಕೂತಿದ್ದರು. ಅವಳು ಹಳದಿ ಚಿಪ್ಪನ್ನು ಅಂಗೈಯಲ್ಲಿ ಹಿಡಿದು ನಡುವೆ ನಿಂತಳು.

"ನಿಮಗೆಲ್ಲ ನಾನೊಂದು ತಪ್ಪು ಪಾಠ ಹೇಳ್ಕೊಟ್ಟಿದೀನಿ. ಇದ್ರಲ್ಲಿ ಗೆರೆ ಇರೋ ಕಡೆ ಪ್ಲಸ್. ಆ ಹುಡುಗಿ ಶನಿವಾರಾನೇ ಕೇಳಿದ್ಲು. ನಾನು ನೋಡ್ದೇನೇ ಹಾಕು ಅಂದೆ. ಕಳಿಸೋದಾದ್ರೆ ನನ್ನ ಕಳಿಸಿ ಸರ್."

ಪ್ರೊಫೆಸರರು ಬಾಯಿ ತೆರೆಯುವಷ್ಟರಲ್ಲಿ ಕಂಬ ದಡಬಡಿಸಿ ಎದ್ದ. ಅವನ ಸ್ಟೂಲು ಉರುಳಿ ಬಿತ್ತು.

"ಅಯ್ಯೋ ಅಮ್ಮಾ! ಹಾಗಾದ್ರೆ ನನ್ನ ರೇಡಿಯೊ ಬೋರ್ಡು? ಅದ್ರಲ್ಲೂ ಇವೇ ಎರಡು ಹಾಕಿದೀನಿ. ಮಧ್ಯಾಹ್ನ ಕರೆಂಟ್ ಕೊಡೋದಿದೆ!"

ಕೋಣೆಗೆ ಕೋಣೆಯೇ ಆ ಬೋರ್ಡಿದ್ದ ಗಾಜಿನ ಕೋಣೆಯತ್ತ ನುಗ್ಗಿ ಹೊರಗೇ ನಿಂತು ಇಣುಕಿತು. ಎರಡೂ ಉಲ್ಟಾ ಇದ್ದವು. ಭೂಮಿಯೊಡನೆ ಮಾತಾಡಬೇಕಾದ ರೇಡಿಯೊ ಅದು. ಅದಕ್ಕೆ ಬದಲಿ ಬೋರ್ಡೂ ಇರಲಿಲ್ಲ. ಇನ್ನು ಮೂರು ಗಂಟೆ ಕಳೆದಿದ್ದರೆ ಅದೂ ಸುಟ್ಟು ಇಡೀ ಉಪಗ್ರಹ ಮೂಕವಾಗುತ್ತಿತ್ತು. ಅವಳು ಬಿಳಿ ಕೋಟು ತೊಟ್ಟು ಒಳಗೆ ಕೂತು ಎರಡನ್ನೂ ಬಿಡಿಸಿ, ಹೊಸವನ್ನು ಸರಿಯಾಗಿ ಕೂರಿಸಿದಳು.

ಪ್ರೊಫೆಸರರು ಕನ್ನಡಕ ಒರೆಸಿಕೊಂಡು ಮಗಳನ್ನು ಕರೆಸಿದರು. "ಪ್ಲಸ್ ಕಣ್ಣಿಗೆ ಕಂಡಿದೆ. ಆದ್ರೂ ಮೈನಸ್ ಮಾಡಿದ್ದು ಯಾಕೆ?"

"ಮತ್ತೆ... ಅಮ್ಮ ಹೇಳಿದ್ರು ಸರ್."

"ಅವರು ನಮ್ಮೆಲ್ಲರಿಗೂ ಅಮ್ಮಾನೇ. ನನಗೂ ಒಂದ್ಸಲ ಬೈದಿದಾರೆ. ಆದ್ರೆ ನಕ್ಷೆಗೆ ಅಮ್ಮ ಇಲ್ಲ, ಅಪ್ಪ ಇಲ್ಲ. ಅದ್ರಲ್ಲಿದ್ದದ್ದು ಇದ್ದಂಗೆ ಓದ್ಬೇಕು." ಆಮೇಲೆ ಅಮ್ಮನ ಕಡೆ ತಿರುಗಿದರು. "ನೀವು ನೋಡ್ದೇ ಹೇಳಿದ್ದು ತಪ್ಪೇ. ಅದನ್ನ ಸಣ್ಣದು ಅನ್ನಲ್ಲ."

"ಸರ್," ಎಂದು ಕಂಬ ಮೆಲ್ಲಗೆ ಕೈಯೆತ್ತಿದ, "ಬಾಗಿಲ ಮೇಲಿನ ಆ ರೂಲ್ ಇರೋವರೆಗೂ ಯಾರು ತಪ್ಪು ಬಾಯಿ ಬಿಡ್ತಾರೆ? ಅಮ್ಮ ಹೇಳ್ದೇ ಇದ್ದಿದ್ರೆ ನನ್ನದೂ ಹೊಗೆ."

ಪ್ರೊಫೆಸರರು ಬಾಗಿಲ ಕಡೆ ನೋಡಿದರು. "ಬರೆದೋರು ನೀವೇ. ಕೀಳೋದೂ ನೀವೇ." ಕಂಬ ಏಣಿ ಸ್ಟೂಲು ಯಾವುದೂ ಇಲ್ಲದೆ ಕೈಚಾಚಿ ಚೀಟಿ ಕಿತ್ತ.

ಸುಟ್ಟದ್ದಕ್ಕೆ ಬದಲಿಯಾಗಿ, ಇನ್ನೂ ಏನೂ ಕೂರಿಸದ ಬರೀ ಬೋರ್ಡು ಒಂದೇ ಒಂದು ಉಳಿದಿತ್ತು. ರಾಕೆಟ್ಟಿನ ಕುಲುಕಾಟ ತಡೆಯುವುದೇ ಎಂದು ನೋಡುವ ಅಲುಗಾಟದ ಪರೀಕ್ಷೆಗೆ ಒಂಬತ್ತು ದಿನ. ಇನ್ನು ಮುಂದೆ ಒಬ್ಬರು ನಕ್ಷೆ ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಮಾಡುವುದು. ಓದುವವರು ಒಪ್ಪದೆ ಬೆಸುಗೆಯ ಕಾವಿನ ಮೊನೆ ತಗಲಿಸುವಂತಿಲ್ಲ ಎಂದು ತೀರ್ಮಾನವಾಯಿತು. ಕೈ ಅಮ್ಮನದು, ಓದು ಮಗಳದು. ಗುರುವಾರ ಇಬ್ಬರೂ ಬಿಳಿ ಕೋಟು ತೊಟ್ಟು ಗಾಜಿನ ಕೋಣೆ ಹೊಕ್ಕರು.

ಒಂದರಿಂದ ಮೂವತ್ತರವರೆಗೆ ಕೆಲಸ ನೀರು ಹರಿದಂತೆ ಹರಿಯಿತು. ಮೂವತ್ತೊಂದು ಬಂತು. ಅವಳು ಚಿಮಟದಿಂದ ಹಳದಿ ಕಾಳನ್ನು ಎತ್ತಿ ಬೋರ್ಡಿನ ಮೇಲೆ ತಂದಳು.

"ನಿಲ್ಲಿ" ಎಂದಳು ಮಗಳು.

ಅವಳು ಕೈ ತಡೆದಳು. ನೋಡಿದಳು. ಎಲ್ಲ ಗೊತ್ತಿದ್ದೂ, ಇಡೀ ತರಗತಿಯೆದುರು ಒಪ್ಪಿಕೊಂಡಿದ್ದೂ, ಇಪ್ಪತ್ತೊಂದು ವರ್ಷದ ಕೈ ಗೆರೆಯನ್ನು ತಾನಾಗಿ ಮೈನಸ್ ಕಡೆಗೇ ತಿರುಗಿಸಿತ್ತು.

"ಹಾಳಾದ್ ಕೈ" ಎಂದಳು.

"ಕೈಗೆ ಬೈಬೇಡಿ. ತಿರುಗಿಸಿ. ಇನ್ನೂ... ಹಾಂ. ಗೆರೆ ಪ್ಲಸ್ ಕಡೆ. ಈಗ ಹಾಕಿ."

ಹಾಕಿದಳು. ಸೀಸ ಕರಗಿ, ಮಿನುಗಿ, ತಾನಾಗಿ ಆರಿತು. ಯಾರಾದರೂ ತಡೆದರೆ ಸಿಡುಕುವ ಸ್ವಭಾವ ಅವಳದು. ಇವತ್ತು ಮಾತ್ರ ತಡೆದ ದನಿ ಕಿವಿಗೆ ಹಿತವಾಗಿತ್ತು. ತಾನು ಕಲಿಸಿದ್ದಕ್ಕಿಂತ ಮುಂದಿನದನ್ನು ಓದಬಲ್ಲವಳು ಪಕ್ಕದಲ್ಲಿ ಕೂತಿದ್ದಳು.

ಸಂಜೆ ನಾಲ್ಕಕ್ಕೆ ವಿದ್ಯುತ್ ಕೊಟ್ಟರು. ಗಾಜಿನಾಚೆ ಇಪ್ಪತ್ತೆರಡು ಮೂಗುಗಳು ಸಾಲಾಗಿ ಅಂಟಿಕೊಂಡಿದ್ದವು. ಸದ್ದಿಲ್ಲ, ಹೊಗೆಯಿಲ್ಲ. ಮೀಟರಿನ ಅಂಕೆ ನಕ್ಷೆಯಲ್ಲಿ ಬರೆದಿದ್ದಷ್ಟಕ್ಕೇ ಬಂದು ನಿಂತಿತು. ಹಸಿರು ದೀಪವೊಂದು ಹತ್ತಿತು. ಹೊರಗೆ ಕೂಗಾಟ, ಕುಣಿತ. ಒಳಗೆ ಮಗಳು ಪೆನ್ನಿನ ಮುಚ್ಚಳ ತೆಗೆದು, ಕೆಲಸದ ಪಟ್ಟಿಯಲ್ಲಿ ನಕ್ಷೆ ಓದಿದವರ ಹೆಸರಿನ ಮುಂದೆ ಸಹಿ ಹಾಕಿ, ಹಾಳೆಯನ್ನು ಅಮ್ಮನ ಕಡೆ ಸರಿಸಿದಳು.

ಅವಳು ಪೆನ್ನು ಹಿಡಿದಳು, ಬರೆಯಲಿಲ್ಲ. ಮೊದಲು ಆ ಪುಟವನ್ನು ತಲೆಯಿಂದ ಬುಡದವರೆಗೆ ಓದಿದಳು.