ಕೊಕ್ಕೆಯ ತೂಕ

ಪಡೆ ಕೊಟ್ಟ ಬಂದೂಕಿನಲ್ಲೇ ಗುರಿ ಹೊಡೆಯುವ ಸರ್ವಿಸ್ ರೈಫಲ್ ಸ್ಪರ್ಧೆಯಲ್ಲಿ ಮನುಷ್ಯರಿಗಿಂತ ಮೊದಲು ಬಂದೂಕಿಗೆ ಪರೀಕ್ಷೆ. ಖಾಲಿ ಬಂದೂಕನ್ನು ಮೂತಿ ಮೇಲಾಗಿ ಹಿಡಿದು, ಟ್ರಿಗರ್‌ಗೆ ಎರಡು ಕಿಲೋದ ತೂಕದ ಬಟ್ಟನ್ನು ಸಿಕ್ಕಿಸಿ, ಮೆಲ್ಲನೆ ಮೇಲಕ್ಕೆತ್ತುತ್ತಾರೆ. ಬಟ್ಟು ಮೇಜು ಬಿಟ್ಟು ಎದ್ದರೂ ಟ್ರಿಗರ್ ಮಿಸುಕದಿದ್ದರೆ ಪಾಸು. ಟಕ್ ಎಂದು ಸದ್ದಾದರೆ, ಟ್ರಿಗರ್ ಬೇಕಾದ್ದಕ್ಕಿಂತ ಹಗುರ ಎಂದು ಅರ್ಥ.

ಪಡೆಯ ಬಂದೂಕುಗಳನ್ನು ರಿಪೇರಿ ಮಾಡುವ ಮೇಸ್ತ್ರಿಯ ಇಪ್ಪತ್ತೆರಡು ವರ್ಷದ ಕಸುಬೆಲ್ಲ ಆ ಎರಡು ಕಿಲೋದ ಅಂಚಿನಲ್ಲೇ ನಡೆದಿತ್ತು. ಎರಡು ಕಿಲೋಗಿಂತ ಕಡಿಮೆ ಆಗಕೂಡದು ಎಂದು ನಿಯಮ. ಕೂದಲೆಳೆಯಷ್ಟೂ ಹೆಚ್ಚಾಗಕೂಡದು ಎಂದು ಗುರಿಕಾರರ ಹಟ. ಹಾವೂ ಸಾಯದೆ ಕೋಲೂ ಮುರಿಯದೆ ಟ್ರಿಗರ್‌ನ ತಿರುಪು ತಿರುಗಿಸುವುದು ಅವನ ಕೈಗೆ ಒಲಿದಿತ್ತು.

ಅಂದು ಬೆಳಿಗ್ಗೆ ತಪಾಸಣೆಯ ಮೇಜಿನ ಹಿಂದೆ ಕೂತಿದ್ದಾಕೆ ಒಂದು ಕಾಲದಲ್ಲಿ ತಾನೂ ಗುರಿ ಹೊಡೆದವಳು. ಈಗ ತಲೆ ಪೂರ್ತಿ ಬೆಳ್ಳಗಾಗಿತ್ತು. ಬೆನ್ನ ಹಿಂದೆ ಎಲ್ಲರೂ ಆಕೆಯನ್ನು ತಕ್ಕಡಿಯಮ್ಮ ಎನ್ನುತ್ತಿದ್ದರು; ಅದು ಆಕೆಗೂ ಗೊತ್ತಿತ್ತು. ಸಾಲಿನಲ್ಲಿ ಮುಂದಿದ್ದವನೊಬ್ಬನ ಭುಜದ ಮೆತ್ತೆಯನ್ನು ಚಿವುಟಿ ನೋಡಿ, ಇದು ಕೋಟೋ ಹಾಸಿಗೆಯೋ ಎಂದು ಕೇಳಿ, ಬಿಚ್ಚಿಸಿ ಪಕ್ಕಕ್ಕಿಡಿಸಿದ್ದಳು. ಇನ್ನೊಬ್ಬಳ ಬಂದೂಕಿನ ಬೆಲ್ಟು ಪಡೆಯಲ್ಲಿ ಕೊಟ್ಟದ್ದಲ್ಲ ಎಂದು ವಾಪಸು ಕಳಿಸಿದ್ದಳು.

ಮೇಸ್ತ್ರಿಯ ಜೊತೆ ಬಂದಿದ್ದವಳು ಅವನ ಅಕ್ಕನ ಮಗಳು. ಪಡೆಯ ಗೇಟಿನಲ್ಲಿ ಹನ್ನೆರಡು ವರ್ಷದಿಂದ ನಿಂತೇ ಕಾವಲು ಕಾದವಳು. ಮಂಡಿ ಸವೆದಿದೆ ಎಂದು ಡಾಕ್ಟರು ಬರೆದು ಕೊಟ್ಟಿದ್ದರು. ಮೊದಲ ಮೂರು ಸ್ಥಾನದೊಳಗೆ ಬಂದರೆ ತರಬೇತಿ ಶಾಲೆಯಲ್ಲಿ ಕಲಿಸುವ ಕೆಲಸ, ಕೂರಲು ಕುರ್ಚಿ. ಮೂವತ್ತೈದು ತುಂಬಿದವರಿಗೆ ಈ ಸ್ಪರ್ಧೆ ಇಲ್ಲ. ಅವಳಿಗೆ ಮುಂದಿನ ತಿಂಗಳೇ ತುಂಬುತ್ತಿತ್ತು.

ತಕ್ಕಡಿಯಮ್ಮ ಅವಳ ಬಂದೂಕನ್ನು ಮೂರು ಸಲ ಎತ್ತಿದಳು. ಮೂರು ಸಲವೂ ನಿಂತಿತು. ಕೆಂಪು ದಾರ ಕಟ್ಟಿ ಸೀಲು ಒತ್ತಿ ಕೊಟ್ಟದ್ದೇ ತಡ, ಅವಳು ಮಾವನ ಕಡೆ ಕಣ್ಣು ಮಿಟುಕಿಸಿ ಮೈದಾನದತ್ತ ಹೋದಳು. ದಾಖಲೆ ಪುಸ್ತಕ ಬಿಚ್ಚಲು ಜಾಗ ಸಾಲದೆ ತಕ್ಕಡಿಯಮ್ಮ, ಆ ಬಟ್ಟು ಸ್ವಲ್ಪ ಆಚೆ ಇಡಿ ಮೇಸ್ತ್ರಿ ಎಂದಳು. ಅವನು ಎತ್ತಿದ.

ಎತ್ತಿದ ಕೈ ಅಲ್ಲೇ ತಡೆಯಿತು. ದಿನಕ್ಕೆ ಹತ್ತು ಸಲ ಅದೇ ಎರಡು ಕಿಲೋ ಎತ್ತುವ ಕೈ ಅದು. ಇದು ಭಾರ ಇತ್ತು, ಹೆಚ್ಚೇನಲ್ಲ, ಒಂದಿಷ್ಟು. ಅವನು ಬಗ್ಗಿ ನೋಡಿದ. ಬಟ್ಟಿನ ತಲೆಗೆ ಕಿರುಬೆರಳ ದಪ್ಪದ ಕಬ್ಬಿಣದ ಕೊಕ್ಕೆ. ತನ್ನ ವರ್ಕ್‌ಶಾಪಿನ ಬಟ್ಟಿಗೂ ಮೊದಲು ಅಂಥದೇ ಇತ್ತು. ಎರಡು ವರ್ಷದ ಹಿಂದೆ ಅದು ಮುರಿದಾಗ, ಕೈಗೆ ಸಿಕ್ಕ ತೆಳು ತಂತಿಯನ್ನು ಬಗ್ಗಿಸಿ ಸಿಕ್ಕಿಸಿಕೊಂಡಿದ್ದ. ಎರಡು ಕಿಲೋ ಎಂದರೆ ಕೊಕ್ಕೆಯೂ ಸೇರಿ ಎರಡು ಕಿಲೋ. ಅದು ಅವನಿಗೆ ಗೊತ್ತಿಲ್ಲದ ಸಂಗತಿಯಲ್ಲ. ಮರೆತಿದ್ದ, ಅಷ್ಟೆ. ಅಂದಿನಿಂದ ಅಂಚಿಗೆ ತಂದು ನಿಲ್ಲಿಸಿದ ಟ್ರಿಗರ್‌ಗಳೆಲ್ಲ ಎರಡು ಕಿಲೋಗಿಂತ ಹಗುರವಾಗಿ ಅಂಚಿನಿಂದ ಆಚೆಗೆ ಜಾರಿದ್ದವು.

ಈಗ ಅವಳ ಟ್ರಿಗರ್ ನಿಂತದ್ದು ತಕ್ಕಡಿಯಮ್ಮನ ನಿಧಾನದ ಕೈಯಿಂದ. ಸ್ಪರ್ಧೆ ಮುಗಿದ ಮೇಲೆ ಮೊದಲ ಮೂವರ ಬಂದೂಕುಗಳನ್ನು ಮತ್ತೊಮ್ಮೆ ಎತ್ತುತ್ತಾರೆ. ಆಗ ಟಕ್ ಎಂದರೆ ಅಂಕವೆಲ್ಲ ರದ್ದು, ಜೊತೆಗೆ ಕಡತದಲ್ಲಿ ಮೋಸ ಎಂಬ ಮಾತು. ನಾಲ್ಕನೆಯವರ ಬಂದೂಕನ್ನು ಯಾರೂ ಮುಟ್ಟುವುದಿಲ್ಲ.

ಅವನು ತಗಡಿನ ಚಪ್ಪರದ ಕೆಳಗೆ ಬೆಂಚಿನ ಮೇಲೆ ಕೂತ. ಮೊದಲ ಸುತ್ತು ಶುರುವಾಯಿತು, ನಿಂತು ಹೊಡೆಯುವ ಹತ್ತು ಗುಂಡು. ಪ್ರತಿ ಸ್ಪರ್ಧೆಯಲ್ಲೂ ಅವನು ಕಣ್ಣು ಮುಚ್ಚಿ, ಚಿಕ್ಕಂದಿನಲ್ಲಿ ಕೇಳಿ ಕೇಳಿ ಬಾಯಿಗೆ ಬಂದಿದ್ದ ಸ್ತುತಿಯನ್ನು ಒಳಗೊಳಗೇ ಹೇಳಿಕೊಳ್ಳುತ್ತಿದ್ದ, ಹುಡುಗಿಯ ಕೈ ನಡುಗದಿರಲಿ ಎಂದು. ಇವತ್ತೂ ತುಟಿ ಎರಡು ಸಾಲು ಹೇಳಿತು, ಮೂರನೆಯದಕ್ಕೆ ನಿಂತಿತು. ಏನೆಂದು ಬೇಡುವುದು? ಅವಳು ಗೆದ್ದರೆ ಕಳ್ಳಿ. ಅವಳ ಮಾನ ಉಳಿಯಬೇಕಾದರೆ ಅವಳು ನಾಲ್ಕನೆಯವಳಾಗಲಿ ಎನ್ನಬೇಕು, ಗುಂಡು ಅತ್ತಿತ್ತ ಬೀಳಲಿ ಎನ್ನಬೇಕು. ಆ ಮಾತನ್ನು ದೇವರ ಮುಂದಿಡಲು ನಾಲಿಗೆ ಏಳಲಿಲ್ಲ. ಪಕ್ಕದಲ್ಲಿ ಯಾರೋ ಯಾರಿಗೋ, ಈ ಸಲ ತಪಾಸಣೆ ಬಲು ಬಿಗಿ ಎಂದರು. ಕುಂಬಳಕಾಯಿ ಕಳ್ಳನಂತೆ ಅವನು ಹೆಗಲು ಮುಟ್ಟಿಕೊಂಡ.

ಬೋರ್ಡಿನಲ್ಲಿ ಅಂಕ ಬಿತ್ತು. ಅವಳು ಎರಡನೆಯವಳು. ಇಪ್ಪತ್ತು ನಿಮಿಷದ ಬಿಡುವು. ನೀರಿನ ಬಾಟಲಿ ಹಿಡಿದು ಕುಂಟುತ್ತಲೇ ನಗುತ್ತ ಬಂದಳು.

"ಏನ್ ಮಾವ, ಇಂಗು ತಿಂದ ಮಂಗನ ಹಾಗೆ ಕೂತಿದ್ದೀರಲ್ಲ. ನಾನು ಎರಡನೇ ಸ್ಥಾನದಲ್ಲಿದ್ದೀನಿ ಕಣ್ರೀ."

ಅವನು ಹೇಳಿದ. ತಂತಿ, ಕೊಕ್ಕೆ, ಎರಡು ವರ್ಷ, ಎಲ್ಲವನ್ನೂ, ತಲೆ ಎತ್ತದೆ. ಅವಳು ಬಾಟಲಿಯ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಎಷ್ಟು ಕಡಿಮೆ ಎಂದು ಕೇಳಿದಳು. ಅರವತ್ತು ಗ್ರಾಂ ಇರಬಹುದು ಎಂದ. ಬೆಳಿಗ್ಗೆ ನಿಂತಿತಲ್ಲ ಎಂದಳು. ನಿಂತಿತು, ಇನ್ನೊಂದು ಸಲ ನಿಲ್ಲುತ್ತದೆ ಎಂದು ಹೇಳಲಾರೆ ಎಂದ.

"ಸುಮ್ಮನೆ ಇದ್ದುಬಿಡಬಹುದಿತ್ತಲ್ಲ ಮಾವ."

"ಇರೋಣ ಅಂತಾನೇ ಇದ್ದೆ. ಹಾಗಿರಬೇಕಾದ್ರೆ ನೀನು ಗುರಿ ತಪ್ಪಲಿ ಅಂತ ಬೇಡ್ಕೋಬೇಕಾಗಿತ್ತು. ಬಾಯಿ ಬರಲಿಲ್ಲ ಮಗಳೇ."

ಅವಳು ಬೋರ್ಡಿನತ್ತ ನೋಡಿದಳು. ಆಮೇಲೆ ಬೆಂಚಿಗೆ ಒರಗಿಸಿದ್ದ ಬಂದೂಕು ಎತ್ತಿಕೊಂಡಳು.

"ಇಲ್ಲಿವರೆಗೆ ನಿಮ್ಮ ತಪ್ಪು. ಇನ್ನು ಒತ್ತಿದರೆ ನಂದು. ಏಳಿ."

ಸ್ಪರ್ಧಿ ತಾನಾಗಿ ಕೇಳಿದರೆ ನಡುವೆಯೂ ತೂಗಬಹುದು. ನಿಲ್ಲದಿದ್ದರೆ ಅಲ್ಲಿಯವರೆಗಿನ ಅಂಕ ಮಾತ್ರ ಹೋಗುತ್ತದೆ, ಕಡತಕ್ಕೆ ಏನೂ ಏರುವುದಿಲ್ಲ. ತಕ್ಕಡಿಯಮ್ಮ ಇದನ್ನು ಎರಡು ಸಲ ಬಿಡಿಸಿ ಹೇಳಿದಳು, ಬೇಡ ಎಂದು ವಾಪಸು ಹೋಗಲು ಜಾಗ ಬಿಟ್ಟುಕೊಟ್ಟಂತೆ. ಹುಡುಗಿ ಹೋಗಲಿಲ್ಲ.

ಮೊದಲ ಸಲ ಬಟ್ಟು ಎದ್ದಿತು, ನಿಂತಿತು. ಎರಡನೆಯ ಸಲವೂ. ಮೇಸ್ತ್ರಿಗೆ ಒಂದು ಗಳಿಗೆ, ತಾನು ಸುಮ್ಮನೆ ಹೇಳಿ ಹುಡುಗಿಯ ಮನಸ್ಸು ಕೆಡಿಸಿದೆನೇ ಎನ್ನಿಸಿತು. ಮೂರನೆಯ ಸಲ ಬಟ್ಟು ಮೇಜಿನಿಂದ ಒಂದು ಬೆರಳು ಮೇಲೆದ್ದಾಗ ಟಕ್ ಎಂದಿತು.

ತಕ್ಕಡಿಯಮ್ಮ ಕನ್ನಡಕ ತೆಗೆದು ಒರೆಸಿಕೊಂಡಳು. ಬೋರ್ಡಿನಲ್ಲಿ ಹುಡುಗಿಯ ಹತ್ತು ಗುಂಡಿನ ಮುಂದೆ ಸೊನ್ನೆ ಬರೆದರು. ಮೇಸ್ತ್ರಿ ಅಲ್ಲೇ, ತಕ್ಕಡಿಯಮ್ಮನ ಕಣ್ಣೆದುರು, ತಿರುಪನ್ನು ಕಾಲು ಸುತ್ತು ಬಿಗಿ ಮಾಡಿದ. ಆಕೆ ಮತ್ತೆ ಮೂರು ಸಲ ಎತ್ತಿದಳು, ನಿಂತಿತು. ಹೊಸ ಸೀಲು ಬಿತ್ತು.

ಉಳಿದ ಇಪ್ಪತ್ತು ಗುಂಡು ಅವಳು ಚೆನ್ನಾಗಿಯೇ ಹೊಡೆದಳು. ಮಂಡಿಯೂರಿ ಎದ್ದಾಗ ಮಾತ್ರ ನೆಲಕ್ಕೆ ಕೈ ಊರಿದಳು. ಹನ್ನೊಂದನೆಯವಳಾದಳು. ಮೊದಲ ಮೂವರನ್ನು ಕರೆದಾಗ ಉಳಿದವರ ಜೊತೆ ಅವಳೂ ಚಪ್ಪಾಳೆ ತಟ್ಟಿದಳು.

ವಾಪಸು ಹೋಗುವಾಗ ವ್ಯಾನಿನಲ್ಲಿ ಅವಳು ಮಂಡಿಗೆ ಸುತ್ತಿದ ಬಟ್ಟೆ ಬಿಚ್ಚಿ, ಮಡಿಸಿ, ಚೀಲಕ್ಕೆ ಹಾಕಿಕೊಂಡಳು. ಆ ತಂತಿಯ ಬಟ್ಟಿನಲ್ಲಿ ತೂಗಿದ ಬಂದೂಕು ವರ್ಕ್‌ಶಾಪಿನಲ್ಲಿ ಇನ್ನೂ ಎಷ್ಟಿವೆ ಎಂದು ಕೇಳಿದಳು. ಹದಿನಾಲ್ಕು ಎಂದ.

"ಸೋಮವಾರ ಗೇಟು ಡ್ಯೂಟಿ ಮುಗಿಸಿ ಬರ್ತೀನಿ. ಮೊದಲು ಕೊಕ್ಕೆ ಬದಲಾಯಿಸಿಡಿ. ನಾನು ಬಂದೂಕು ಎತ್ತಿ ಹಿಡೀತೀನಿ, ನೀವು ತಿರುಪು ನೋಡಿ," ಎಂದಳು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು, "ಒಂದು ಸ್ಟೂಲ್ ಇಟ್ಟಿರಿ ಮಾವ. ನಿಂತು ಆಗಲ್ಲ."