ಹೂವಕ್ಕ ಕರೆದ ರಿಲೀಸು

ನಮ್ಮ ಹೊಸನಗರದಲ್ಲಿ ಈಗ ಎಲ್ಲದೂ ರಿಲೀಸೇ. ಬಸ್‌ಸ್ಟ್ಯಾಂಡ್ ಹೋಟೆಲಿನ ಸುಂದರೇಶ ಮಳೆಗಾಲದಲ್ಲಿ ಪತ್ರೊಡೆ ಶುರು ಮಾಡಿದ ದಿನ 'ಪತ್ರೊಡೆ ರಿಲೀಸ್' ಅಂತ ಬೋರ್ಡು ಬರೀತಾನೆ. ಪರೀಕ್ಷೆ ರಿಸಲ್ಟು ರಿಲೀಸ್, ಡ್ಯಾಮಿನ ನೀರು ರಿಲೀಸ್. ಬಸುರಿ ಹೆಂಗಸಿನ ಗಂಡನ್ನ ದಾರೀಲಿ ನಿಲ್ಲಿಸಿ 'ಯಾವಾಗಪ್ಪ ರಿಲೀಸು' ಅಂತ ಕೇಳಿದ ಪುಣ್ಯಾತ್ಮರೂ ಇದ್ದಾರೆ. ನಾನು ಹೊಲಿಗೆ ಅಂಗಡಿ ಇಟ್ಕೊಂಡೋಳು. 'ಶಿಲ್ಪಶ್ರೀ, ನನ್ ಬ್ಲೌಸು ಯಾವತ್ತು ರಿಲೀಸ್ ಮಾಡ್ತಿ ಮಾರಾಯ್ತಿ' ಅಂತ ಬಾಗಿಲಲ್ಲಿ ನಿಂತು ಕೇಳ್ತಾರೆ. ಮೈಯೆಲ್ಲ ಉರಿಯುತ್ತೆ ನಂಗೆ.

ಈ ಚಾಳಿ ಹತ್ತಿದ್ದು ಸ್ಪಂದನಾ ಪಿಕ್ಚರ್ ತೆಗೆಯೋಕೆ ಹೊರಟ ಮೇಲೆ. ಸ್ಪಂದನಾ ನಮ್ಮ ಪಕ್ಕದ ಮನೆ ಹೂವಕ್ಕನ ಕಿರೀ ಮಗಳು. ಹೆಗ್ಗೋಡಲ್ಲಿ ನಾಟಕ ಕಲಿತು ಬಂದವಳು, ಒಂದು ಊರಿಗೆ ಬರ್ತಿದ್ದ ಬಸ್ಸು ನಿಂತುಹೋಗೋ ಕಥೆ ಹಿಡ್ಕೊಂಡು, ನಮ್ಮೂರಿನೋರನ್ನೇ ಕುಣಿಸಿ ಪಿಕ್ಚರ್ ಮಾಡಿದಳು. ಎಲ್ಲರ ಬಟ್ಟೆ ಹೊಲಿದಿದ್ದು ನಾನು. ಅಲ್ಲಿಂದ ಮೂರು ವರ್ಷ ಅವಳು ಯಾವ ಮದುವೆಗೆ ಹೋಗಲಿ, ಯಾವ ತಿಥಿಗೆ ಹೋಗಲಿ, ಎಲೆ ಮುಂದೆ ಕೂತೋರೆಲ್ಲ ಕೇಳಿದ್ದು ಒಂದೇ: 'ರಿಲೀಸ್ ಯಾವಾಗ?' ಮೊದಲೆಲ್ಲ ಮದುವೆ ಯಾವಾಗ ಅಂತ ಪೀಡಿಸ್ತಿದ್ದರು, ಅದನ್ನೂ ಬಿಟ್ಟರು.

ಕೊನೆಗೂ ಸಾಗರದ ಥಿಯೇಟರಿನೋರು ಶುಕ್ರವಾರದಿಂದ ಬೆಳಗಿನ ಶೋ ಕೊಡೋಕೆ ಒಪ್ಪಿದರು. ಸ್ಪಂದನಾ ಪೋಸ್ಟರನ್ನು ಎಲ್ಲಾ ವಾಟ್ಸಾಪ್ ಗ್ರೂಪಿಗೂ ಹಾಕಿದಳು: ಇದೇ ಶುಕ್ರವಾರ ರಿಲೀಸ್. ಊರಿಗೆ ಊರೇ ಹೆಬ್ಬೆಟ್ಟು ಒತ್ತಿತು, ಹೂವು ಕಳಿಸಿತು, ಕೈ ಮುಗಿಯಿತು.

ಶುಕ್ರವಾರ ಥಿಯೇಟರಿಗೆ ಹೋದರೆ ಇದ್ದಿದ್ದು ನಾವು ನಾಲ್ಕು ಜನ. ಸ್ಪಂದನಾ, ಹೂವಕ್ಕ, ನಾನು, ಮತ್ತೆ ಪಿಕ್ಚರಲ್ಲಿ ಕಂಡಕ್ಟರ್ ಪಾರ್ಟು ಮಾಡಿದ್ದ ದಿನೇಶ. ಮ್ಯಾನೇಜರ್ ಶ್ರೀಕೃಷ್ಣ ಒಳ್ಳೇ ಮನುಷ್ಯ, ಅರ್ಧ ಗಂಟೆ ಕಾದರು. ಆಮೇಲೆ, 'ನಾಲ್ಕು ಜನಕ್ಕೆ ಶೋ ಹಾಕೋಕಾಗಲ್ಲಮ್ಮ. ಭಾನುವಾರ ಬೆಳಗ್ಗೆ ಒಂದು ಸಲ ನೋಡೋಣ. ಅವತ್ತೂ ಹಿಂಗೇ ಆದ್ರೆ ತೆಗೆದುಬಿಡ್ತೀನಿ, ಬೇಜಾರು ಮಾಡ್ಕೋಬೇಡಿ' ಅಂದರು.

ಸ್ಪಂದನಾ ಮೆಟ್ಟಿಲ ಮೇಲೆ ಕೂತುಬಿಟ್ಟಳು. 'ಇಲ್ಲಿ ಓಡಿದ್ರೆ ತೀರ್ಥಹಳ್ಳಿಯೋರು ತಗೋತೀನಿ ಅಂದಿದ್ರು ಶಿಲ್ಪಕ್ಕ. ಸ್ವಂತ ಊರಿನೋರೇ ನೋಡದಿದ್ದ ಮೇಲೆ ಬೇರೆ ಯಾರು ನೋಡ್ತಾರೆ? ಮುಗೀತು' ಅಂದಳು. ಹೂವಕ್ಕ ಮಗಳ ಬೆನ್ನು ಸವರುತ್ತಾ ನಿಂತಿದ್ದರು.

ನಂಗೆ ತಡೆಯಲಿಲ್ಲ. ಊರಿಗೆ ಬಂದವಳೇ ಸೀದಾ ಸೀತಾರಾಮಪ್ಪನವರ ಮನೆಗೆ ಹೋದೆ. ಅವರ ಹೆಂಡತಿ ದುಗ್ಗಮ್ಮ ನಮ್ಮ ಕೇರಿಗೇ ಹಿರಿಯರು. ಅವರು ಹೋದ ಕಡೆ ಉಳಿದ ಹೆಂಗಸರೆಲ್ಲ ಹೋಗ್ತಾರೆ.

'ಮೂರು ವರ್ಷ ರಿಲೀಸು ರಿಲೀಸು ಅಂತ ಆ ಹುಡುಗಿ ತಲೆ ತಿಂದ್ರಲ್ಲ, ಇವತ್ತು ಎಲ್ಲಿ ಹೋಗಿದ್ರಿ?' ಅಂದೆ.

ದುಗ್ಗಮ್ಮ ಅವರೆಕಾಳು ಸುಲಿಯೋದು ನಿಲ್ಲಿಸದೇ, 'ಕರೆದಿದ್ರಾ?' ಅಂದರು.

'ಗ್ರೂಪಲ್ಲಿ ಹಾಕಿದ್ಲಲ್ಲ.'

'ಗ್ರೂಪಲ್ಲಿ ಕರೆಂಟು ಹೋಗೋದನ್ನೂ ಹಾಕ್ತಾರೆ. ಮನೆಗೆ ಬಂದು ಬಾಯಿ ತುಂಬ ಕರೆದ್ರಾ? ಕರೆಯದೇ ಹೋಗೋಕೆ ನಾವೇನು ಬಿಟ್ಟಿ ಬಿದ್ದೀವಾ?'

ಅವರ ಮಾತು ನಿಜ. ನಮ್ಮಲ್ಲಿ ಅಚ್ಚು ಹಾಕಿಸಿದ ಕಾಗದ ಕಳಿಸಿದ್ರೂ ಅದು ಸುದ್ದಿ ಅಷ್ಟೇ. ಮನೆಯ ಹಿರಿಯರು ಹೊಸಿಲು ದಾಟಿ ಬಂದು, ಹೆಂಗಸರಿಗೆ ಕುಂಕುಮ ಇಟ್ಟು, 'ಎಲ್ಲರೂ ಬರಬೇಕು' ಅಂದರೇ ಅದು ಕರೆಯೋದು. ಪಿಕ್ಚರಿಗೂ ಹಾಗೆ ಕರೀಬೇಕು ಅಂತ ಆ ಹುಡುಗಿಗೆ ಹೊಳೆದಿರಲಿಲ್ಲ, ನಂಗೂ ಹೊಳೆದಿರಲಿಲ್ಲ.

ಕಷ್ಟ ಇದ್ದಿದ್ದು ಬೇರೆ ಕಡೆ. ಹೂವಕ್ಕನ ಯಜಮಾನರು ತೀರಿಕೊಂಡು ಬಹಳ ವರ್ಷ ಆಯ್ತು. ಗಂಡ ಇಲ್ಲದೋರು ಶುಭಕಾರ್ಯಕ್ಕೆ ಕರೆಯೋಕೆ ಹೋಗಬಾರದು ಅಂತ ಒಂದು ಹಾಳು ಪದ್ಧತಿ ನಮ್ಮಲ್ಲಿದೆ. ದೊಡ್ಡ ಮಗಳು ಶ್ರಾವ್ಯಾಳ ಮದುವೆಗೆ ಊರು ಕರೆದಿದ್ದು ಹೂವಕ್ಕನ ಮೈದುನ ರವೀಂದ್ರ, ಅವನ ಹೆಂಡತಿ. ಧಾರೆ ಹೊತ್ತಲ್ಲಿ ಹೆತ್ತ ತಾಯಿ ಉಗ್ರಾಣದಲ್ಲಿ ಬೆಲ್ಲ ಕಾಯಿ ಕಾಯ್ತಾ ಕೂತಿದ್ದನ್ನ ನಾನೇ ಕಣ್ಣಾರೆ ಕಂಡಿದ್ದೀನಿ.

ನಾನು ದುಗ್ಗಮ್ಮನ ಮಾತು ಹೇಳಿದ ಮೇಲೆ ಹೂವಕ್ಕ ಹೋಗಿ ರವೀಂದ್ರನನ್ನು ಕೇಳಿದ್ದಕ್ಕೆ, 'ಸಿನಿಮಾಕ್ಕೆಲ್ಲ ಕುಂಕುಮ ಇಟ್ಟು ಕರೀತಾರಾ ಅತ್ತಿಗೆ? ಜನ ನಗ್ತಾರೆ. ನಮ್ಮಿಂದಾಗಲ್ಲ' ಅಂದುಬಿಟ್ಟ.

ಹೂವಕ್ಕ 'ಆಯ್ತಪ್ಪ' ಅಂತ ಎದ್ದು ಬಂದರು. ಶನಿವಾರ ಬೆಳಗ್ಗೆ ಮಡಿಸಿಟ್ಟ ಹಸಿರು ಸೀರೆ ಉಟ್ಕೊಂಡು, ಕುಂಕುಮದ ಭರಣಿ ಹಿಡ್ಕೊಂಡು ನನ್ನ ಅಂಗಡಿ ಮುಂದೆ ನಿಂತಿದ್ದರು. 'ಶಿಲ್ಪ, ಬಾ ಹೋಗಾಣ' ಅಂದರು. ನಾನು ಅಂಗಡಿ ಬಾಗಿಲು ಎಳೆದೆ. ಕುಂಕುಮ ಇಡೋಕೆ ಮುತ್ತೈದೆ ಬೇಕಲ್ಲ, ಅದಕ್ಕೇ ನನ್ನನ್ನು ಕರೆದಿದ್ದಾರೆ ಅಂದ್ಕೊಂಡು ಭರಣಿಗೆ ಕೈ ಚಾಚಿದೆ. ಕೊಡಲಿಲ್ಲ. 'ಇರಲಿ, ನಾನೇ ಹಿಡ್ಕೋತೀನಿ' ಅಂದರು.

ಮೊದಲನೇ ಮನೆ ದುಗ್ಗಮ್ಮನವರದು. ಬೇಡ, ಬೇರೆ ಮನೆಯಿಂದ ಶುರು ಮಾಡೋಣ ಅಂದೆ, ಕೇಳಲಿಲ್ಲ. ದುಗ್ಗಮ್ಮ ಹೊರಗೆ ಬಂದವರು ಹೂವಕ್ಕನ ಬರೀ ಹಣೆ ನೋಡಿದರು, ಕೈಯಲ್ಲಿದ್ದ ಭರಣಿ ನೋಡಿದರು.

ಹೂವಕ್ಕನ ದನಿ ನಡುಗಲಿಲ್ಲ. 'ನಾಳೆ ಸಾಗರದಲ್ಲಿ ನನ್ನ ಮಗಳ ರಿಲೀಸು. ಬೆಳಗಿನ ಆಟ. ಮನೆಮಂದಿ ಎಲ್ಲ ಬಂದು ನಡೆಸಿಕೊಡಬೇಕು. ಅವಳಪ್ಪ ಇದ್ದಿದ್ರೆ ಅವರೇ ಬರ್ತಿದ್ರು. ಇಲ್ಲ. ಅದಕ್ಕೆ ನಾನು ಬಂದೆ' ಅಂತ ಭರಣಿಯ ಮುಚ್ಚಳ ತೆಗೆದರು.

ಇವತ್ತು ಇಲ್ಲಿ ಜಗಳ ಆಗುತ್ತೆ, ನಾನಂತೂ ಬಿಡೋಳಲ್ಲ ಅಂತ ಸೆರಗು ಸಿಕ್ಕಿಸಿಕೊಂಡಿದ್ದೆ. ಆದರೆ ದುಗ್ಗಮ್ಮ ಸೆರಗಿನ ತುದಿಯಿಂದ ಹಣೆಯ ಬೆವರು ಒರೆಸಿಕೊಂಡು ಹೂವಕ್ಕನ ಮುಂದೆ ಬಗ್ಗಿದರು.

ಹೂವಕ್ಕ ಕುಂಕುಮ ಇಟ್ಟರು. ನಂಗೆ ಅಳು ಬಂತು, ಮುಚ್ಚಿಡೋದೆಂತಕ್ಕೆ.

'ನಾಳೆ ತಿಂಡಿ ಮುಗಿಸಿ ಹೊರಡ್ತೀವಿ' ಅಂದ ದುಗ್ಗಮ್ಮ, ಒಳಗೆ ತಿರುಗಿ ಸೊಸೆಯನ್ನೂ ಕರೆದು ಕುಂಕುಮ ಇಡಿಸಿದರು. ಆಮೇಲೆ ಕೇರಿಯ ಒಂದು ಮನೆಯಲ್ಲೂ ಯಾರೂ ಹಿಂದೆ ಸರಿಯಲಿಲ್ಲ. ದುಗ್ಗಮ್ಮ ಇಡಿಸಿಕೊಂಡ ಸುದ್ದಿ ನಮಗಿಂತ ಮುಂಚೆ ಮನೆ ಮನೆ ಮುಟ್ಟಿತ್ತು. ಸಂಜೆವರೆಗೂ ತಿರುಗಿದೆವು. ನಂಗೆ ಕಾಲು ಬಿದ್ದುಹೋಗಿತ್ತು, ಹೂವಕ್ಕ ಮಾತ್ರ ಮುಂದೆ ಮುಂದೆ ನಡೀತಿದ್ದರು. ಬದುಕಿನಲ್ಲಿ ಬೇಕಾದಷ್ಟು ದೊಡ್ಡ ಜನರನ್ನು ನೋಡಿದ್ದೀನಿ, ಅವತ್ತಿನ ಹೂವಕ್ಕನಂಥವರನ್ನು ನೋಡಿಲ್ಲ.

ಭಾನುವಾರ ಎರಡು ಬಸ್ಸಿನ ಜನ ಸಾಗರದಲ್ಲಿ ಇಳಿದರು. ರೇಷ್ಮೆ ಸೀರೆ, ಮಲ್ಲಿಗೆ ದಂಡೆ, ಗಂಡಸರ ಗರಿಗರಿ ಬಿಳೀ ಪಂಚೆ. ಪೇಟೆಯೋರು ನಿಂತು ನೋಡಿದರು. ಟಿಕೆಟ್ ಕಿಟಕಿ ಹತ್ರ ಒಂದು ಗೊಂದಲ ಆಯ್ತು. ಕರೆಸಿಕೊಂಡು ಬಂದೋರು ದುಡ್ಡು ಕೊಟ್ಟು ಒಳಗೆ ಹೋಗೋದು ಹೆಂಗೆ ಅಂತ ನಮ್ಮ ಕೇರಿಯ ಗಿರಿಯಪ್ಪಜ್ಜ ತಕರಾರು ತೆಗೆದರು. 'ಮದುವೇಲಿ ಮುಯ್ಯಿ ಹಾಕಲ್ವಾ ಅಜ್ಜ? ಇಲ್ಲಿ ಊಟಕ್ಕೆ ಮುಂಚೆ ಹಾಕೋದು, ಅಷ್ಟೇ' ಅಂದೆ. ಅಜ್ಜ ತಲೆ ಆಡಿಸಿ ಸಾಲಿನಲ್ಲಿ ನಿಂತರು.

ಪಿಕ್ಚರ್ ಚೆನ್ನಾಗಿತ್ತು. ನಾನು ಬಟ್ಟೆ ಹೊಲಿದಿದ್ದಕ್ಕೆ ಹೇಳ್ತಿಲ್ಲ. ತೆರೆ ಮೇಲೆ ಕೊನೇ ಬಸ್ಸು ಹೊರಟಾಗ ಮುದುಕರೆಲ್ಲ ಸೀಟಿನಿಂದ ಅರ್ಧ ಎದ್ದಿದ್ದರು. ಮುಗಿದ ಮೇಲೆ ಶ್ರೀಕೃಷ್ಣ ಓಡಿ ಬಂದು, 'ವಾರ ಪೂರ್ತಿ ಇಡ್ತೀನಮ್ಮ, ತೀರ್ಥಹಳ್ಳಿಗೂ ಈಗಲೇ ಫೋನ್ ಮಾಡ್ತೀನಿ' ಅಂದರು. ಸ್ಪಂದನಾ ಅಮ್ಮನ ಭುಜಕ್ಕೆ ಮುಖ ಒತ್ತಿ ಅತ್ತಳು. ಹೂವಕ್ಕ ಬಾಗಿಲಲ್ಲಿ ನಿಂತಿದ್ದರು. ಒಬ್ಬೊಬ್ಬರೂ ಅವರ ಹತ್ರ ಬಂದು, 'ರಿಲೀಸು ಚೆನ್ನಾಗಾಯ್ತು, ಹೋಗಿ ಬರ್ತೀವಿ' ಅಂತ ಹೇಳಿಯೇ ಹೊರಟರು.

ಎಲ್ಲರ ಹಿಂದೆ ರವೀಂದ್ರ ಬಂದ. ಅವನೂ ಬಂದು ಒಂದು ಮೂಲೆಯಲ್ಲಿ ಕೂತಿದ್ದ. ತಲೆ ಕೆರ್ಕೊಂಡು, 'ಅಂತೂ ಚೆನ್ನಾಗಾಯ್ತು ಅತ್ತಿಗೆ. ಇದೇನೋ ಸಿನಿಮಾ, ನಡೀತು. ಇವಳ ಮದುವೆಗೆ ಮಾತ್ರ ಕರೆಯೋದು ನಮಗೆ ಬಿಟ್ಟುಬಿಡಿ' ಅಂದ.

'ಬೇಡ ರವೀಂದ್ರ. ನನ್ನ ಮಗಳು. ನಾನೇ ಕರೀತೀನಿ' ಅಂದರು ಹೂವಕ್ಕ.

ರವೀಂದ್ರ ಬೆಂಬಲಕ್ಕೆ ದುಗ್ಗಮ್ಮನ ಮುಖ ನೋಡಿದ. ಅವರು ಚಪ್ಪಲಿ ಮೆಟ್ಟಿಕೊಳ್ಳುತ್ತಾ ಅಲ್ಲೇ ಪಕ್ಕದಲ್ಲಿದ್ದರು.

'ಕರೆಯೋಕೆ ಹೊರಡೋ ದಿನ ನಂಗೂ ಹೇಳು ಹೂವ, ಜೊತೆಗೆ ಬರ್ತೀನಿ' ಅಂದರು ದುಗ್ಗಮ್ಮ.